ಸಮ್ಮತಿ ಯಾರನ್ನು ಕೇಳಿದೆವು?

ಈ ಪತ್ರಿಕೆಯಲ್ಲಿ ಸಿನಿಮಾದ ಮಾತು ಬರುವುದು ಅಪರೂಪ. ಕೂಲಿ, ಬೋನಸ್ಸು, ಪಿ.ಎಫ್., ಮಕ್ಕಳ ಶಾಲೆ, ಸೋರುವ ಲೈನು ಮನೆ, ಹಬ್ಬದ ಪೂಜೆ, ಇವೇ ನಮ್ಮ ನಿತ್ಯದ ವಿಷಯಗಳು. ಈ ಸಲ ಒಂದು ನಗೆಯ ಚಿತ್ರದಿಂದ ಶುರುಮಾಡುತ್ತೇವೆ. ಅದನ್ನು ನೋಡುತ್ತಾ ನಾವೂ ಎಲ್ಲರಂತೆ ನಕ್ಕೆವು. ಚಿತ್ರ ಅರ್ಧಕ್ಕೆ ಬರುವಷ್ಟರಲ್ಲಿ ನಮ್ಮದೇ ಒಂದು ತಪ್ಪು ನೆನಪಿಗೆ ಬಂದು ನಗು ಗಂಟಲಲ್ಲೇ ನಿಂತಿತು. ಆ ತಪ್ಪನ್ನು ತೋಟಗಳಲ್ಲಿರುವ ನೀವು ಯಾರೂ ಮಾಡದಿರಲಿ ಎಂದು ಈ ಲೇಖನ.

ನಾವಿರುವುದು ಸೊಲ್ಲಾಪುರದಲ್ಲಿ, ಮಹಾರಾಷ್ಟ್ರದ ಗಡಿಯೊಳಗೆ. ಮಲೆನಾಡಿನ ಮತ್ತು ಕೊಡಗಿನ ಕಾಫಿ ತೋಟಗಳಿಗೆ ಹೋಲಿಸಿದರೆ ಇದು ಬೇರೆಯೇ ಸೀಮೆ. ಮಳೆ ಕಡಿಮೆ, ಬಿಸಿಲು ಜಾಸ್ತಿ. ಹೊಲದಲ್ಲಿ ಜೋಳ ಮತ್ತು ಕಬ್ಬು, ಊರಲ್ಲಿ ಚಾದರ, ಟವೆಲ್ಲು ನೇಯುವ ಪವರ್‌ಲೂಮುಗಳು, ಓಣಿ ಓಣಿಯಲ್ಲಿ ಬೀಡಿ ಕಟ್ಟುವ ಹೆಣ್ಣುಮಕ್ಕಳು. ಪಕ್ಕದ ಅಕ್ಕಲಕೋಟೆ ತಾಲ್ಲೂಕಿನ ಎಷ್ಟೋ ಹಳ್ಳಿಗಳಲ್ಲಿ ಮನೆಮಾತು ಕನ್ನಡ. 1967ರಲ್ಲಿ ಮಹಾಜನ ಆಯೋಗವು ಆ ತಾಲ್ಲೂಕನ್ನು ಕರ್ನಾಟಕಕ್ಕೆ ಸೇರಿಸಬೇಕೆಂದು ಶಿಫಾರಸು ಮಾಡಿತ್ತು, ಅದು ನಡೆಯಲಿಲ್ಲ. ಗಡಿ ಎಲ್ಲಿದ್ದರೂ ದುಡಿಯುವವರ ಮನೆಯ ಕಷ್ಟ ಒಂದೇ ನಮೂನೆಯದು. ಮಕ್ಕಳ ಮದುವೆಯ ಕಷ್ಟವಂತೂ ಎಲ್ಲ ಕಡೆಯೂ ಒಂದೇ.

ನಗೆಯ ಚಿತ್ರ

ಒಂದು ಭಾನುವಾರ ಪೂಜೆ ಮುಗಿದು, ಸಂಘದ ಸಭೆಯೂ ಮುಗಿದ ಮೇಲೆ ಬೀಡಿ ಕಾರ್ಮಿಕರ ಒಂದು ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಹುಡುಗರು ಮೊಬೈಲನ್ನು ಟಿ.ವಿ.ಗೆ ಜೋಡಿಸಿದರು. "ಅಳೂ ಪಿಚ್ಚರ ಬ್ಯಾಡ್ರೆಪಾ, ನಗೂದ ಹಾಕ್ರಿ" ಎಂದರು ಹೆಂಗಸರು. ಹುಡುಗರು ಹಾಕಿದ್ದು ‘ಶುಭ್ ಮಂಗಲ್ ಜ್ಯಾದಾ ಸಾವಧಾನ್’ ಎಂಬ ಹಿಂದಿ ಚಿತ್ರ. ಇದು 2020ರ ಫೆಬ್ರವರಿ 21ರಂದು ತೆರೆಕಂಡಿತು. ಮುಂದಿನ ತಿಂಗಳೇ ಕೊರೋನಾ ಬಂದು ಥಿಯೇಟರುಗಳು ಮುಚ್ಚಿದವು. ಹಾಗಾಗಿ ನಮ್ಮವರಲ್ಲಿ ಹೆಚ್ಚಿನವರು ನೋಡಿರಲಿಲ್ಲ. ಚಿತ್ರದ ಹೆಸರು ನಮ್ಮ ಕಡೆಯವರಿಗೆ ಹೊಸದಲ್ಲ. ಇಲ್ಲಿಯ ಹಿಂದೂ ಮದುವೆಗಳಲ್ಲಿ ಮಂಗಳಾಷ್ಟಕ ಹೇಳುವಾಗ ‘ಶುಭಮಂಗಲ ಸಾವಧಾನ’ ಎನ್ನುತ್ತಾರೆ. ಸಾವಧಾನ ಎಂದರೆ ಎಚ್ಚರ. ಈ ಚಿತ್ರದವರು ‘ಜಾಸ್ತಿ ಎಚ್ಚರ’ ಎಂದು ಸೇರಿಸಿದ್ದಾರೆ.

ಕಥೆ ಇಷ್ಟು. ಅಲಹಾಬಾದಿನ ಒಂದು ದೊಡ್ಡ ಕೂಡುಕುಟುಂಬ. ಅಪ್ಪ ಕೃಷಿ ವಿಜ್ಞಾನಿ. ಕಪ್ಪು ಬಣ್ಣದ ಹೂಕೋಸನ್ನು ಕಂಡುಹಿಡಿದು ಅದರ ಹೆಮ್ಮೆಯಲ್ಲಿರುವವನು. ಅವನ ಮಗ ಅಮನ್ ದಿಲ್ಲಿಯಲ್ಲಿ ಕಾರ್ತಿಕ್ ಎಂಬ ಹುಡುಗನ ಜೊತೆ ಬಾಳುತ್ತಿದ್ದಾನೆ. ಇಬ್ಬರದೂ ಸ್ನೇಹವಷ್ಟೇ ಅಲ್ಲ, ಪ್ರೀತಿ. ಮನೆಯ ಹುಡುಗಿಯೊಬ್ಬಳ ಮದುವೆಗೆ ಹೋಗುವಾಗ ರೈಲಿನಲ್ಲಿ ಇದು ಅಪ್ಪನ ಕಣ್ಣಿಗೆ ಬೀಳುತ್ತದೆ. ಅಲ್ಲಿಂದ ರಾದ್ಧಾಂತ. ಅಪ್ಪನಾಗಿ ಗಜರಾಜ್ ರಾವ್, ಅಮ್ಮನಾಗಿ ನೀನಾ ಗುಪ್ತಾ, ಹುಡುಗರಾಗಿ ಆಯುಷ್ಮಾನ್ ಖುರಾನಾ ಮತ್ತು ಜಿತೇಂದ್ರ ಕುಮಾರ್ ನಟಿಸಿದ್ದಾರೆ. ನಿರ್ದೇಶನ ಹಿತೇಶ್ ಕೇವಲ್ಯ ಅವರದು.

ವಿಷಯ ಏನೆಂದು ತಿಳಿಯುತ್ತಲೇ ಇಬ್ಬರು ಹಿರಿಯರು ಎದ್ದು ಹೊರಗೆ ಹೋದರು. ಉಳಿದವರು ಮೊದಮೊದಲು ಸೆರಗು ಬಾಯಿಗೆ ಹಿಡಿದು, ಆಮೇಲೆ ಬಾಯ್ತುಂಬ ನಕ್ಕರು. ಒಂದು ಮಾತನ್ನು ಇಲ್ಲಿ ಒಪ್ಪಬೇಕು. ಹಿಂದಿನ ಎಷ್ಟೋ ಹಾಸ್ಯಚಿತ್ರಗಳಲ್ಲಿ ನಾವು ನಗುತ್ತಿದ್ದುದು ಹೆಣ್ಣಿನಂತೆ ನಡೆಯುವ ಗಂಡಸನ್ನು ನೋಡಿ. ಈ ಚಿತ್ರದಲ್ಲಿ ನಗೆಗೆ ಗುರಿಯಾಗುವವರು ಮನೆಯ ದೊಡ್ಡವರು: ಅವರ ಗಾಬರಿ, ಅವರ ಸುಳ್ಳು, ಅವರ ಮಾನದ ಭಯ. ಕಾರ್ತಿಕ್ ಮಾಳಿಗೆ ಹತ್ತಿ ಭೋಂಗಾ ಹಿಡಿದು, ರೋಗ ಬಂದಿರುವುದು ನಮಗಲ್ಲ, ನಿಮಗೆ ಎಂದು ಊರಿಗೆ ಕೇಳುವಂತೆ ಕೂಗುತ್ತಾನೆ. ತಾಯಂದಿರೇ ಅದಕ್ಕೆ ಹೆಚ್ಚು ನಕ್ಕರು. ತಮ್ಮ ಮನೆಯ ಗಂಡಸರನ್ನು ಅಲ್ಲಿ ಗುರುತು ಹಿಡಿದರೋ ಏನೋ.

ಆಮೇಲೆ ಬರುವ ಎರಡು ಸಂಗತಿಗಳ ಬಗ್ಗೆ ನಾವು ಹೇಳಬೇಕಾಗಿದೆ.

ಮೊದಲನೆಯದು, ಮನೆಯವರು ಸೇರಿ ಬದುಕಿರುವ ಮಗನಿಗೆ ಸಾವಿನ ಕರ್ಮ ಮಾಡುವುದು. ಹಳೆಯ ಮಗ ಸತ್ತ, ಹೊಸ ಮಗ ಹುಟ್ಟಿದ ಎಂದು ಲೆಕ್ಕ. ಚಿತ್ರದಲ್ಲಿ ಇದು ತಮಾಷೆ. ಎರಡನೆಯದು, ಅವನಿಗೆ ಕುಸುಮ ಎಂಬ ಹುಡುಗಿಯನ್ನು ಗೊತ್ತುಮಾಡಿ ಮದುವೆ ಮುಗಿಸಿಬಿಡಲು ಹೊರಡುವುದು. ಆ ಹುಡುಗಿಗೆ ಬೇರೆ ಒಬ್ಬನ ಮೇಲೆ ಮನಸ್ಸು. ಅವಳು ಮದುವೆಯ ಒಡವೆ ಎತ್ತಿಕೊಂಡು ಓಡಿಹೋಗುತ್ತಾಳೆ. ಆಗ ನಮ್ಮ ಮನೆಯಲ್ಲಿ ಚಪ್ಪಾಳೆ ಬಿತ್ತು. ಮೂಲೆಯಲ್ಲಿ ಎಲೆ ಕತ್ತರಿಸುತ್ತಾ ಕೂತಿದ್ದ ಒಬ್ಬ ತಾಯಿ ಮಾತ್ರ ನಗಲಿಲ್ಲ. ಆಕೆ ಒಮ್ಮೆ ನಮ್ಮ ಕಡೆ ನೋಡಿ ಮತ್ತೆ ಎಲೆಯ ಕಡೆ ತಲೆ ಬಗ್ಗಿಸಿದರು. ಯಾಕೆ ನೋಡಿದರೆಂದು ನಮಗೆ ಗೊತ್ತಿತ್ತು.

ನಮ್ಮ ತಪ್ಪು

ಕೆಲವು ವರ್ಷಗಳ ಹಿಂದಿನ ಮಾತು. ಅಕ್ಕಲಕೋಟೆ ಕಡೆಯ ಒಂದು ಹಳ್ಳಿ, ನಮ್ಮ ಸಭೆಯದೇ ಒಂದು ಮನೆ. ಹೆಸರು ಬೇಡ. ಮಗ ಇಪ್ಪತ್ತಾರರ ಹುಡುಗ, ಮೆಲುಮಾತಿನವನು, ಪವರ್‌ಲೂಮಿನಲ್ಲಿ ಕೆಲಸ. ಮದುವೆಗೆ ಹತ್ತು ದಿನ ಇರುವಾಗ ಅವನು ನಮ್ಮನ್ನು ಹುಡುಕಿಕೊಂಡು ಬಂದ. ಬಹಳ ಹೊತ್ತು ಸುಮ್ಮನೆ ನಿಂತು, "ಮಾಸ್ತರ, ನನಗ ಲಗ್ನ ಬ್ಯಾಡ್ರಿ. ನಾ ಬ್ಯಾರೆ ಅದೀನಿ" ಎಂದ. ಬೇರೆ ಎಂದರೇನು ಎಂದು ನಾವು ಕೇಳಲಿಲ್ಲ. ಕೇಳಿದರೆ ಅವನು ಹೇಳಿಬಿಟ್ಟಾನು ಎಂಬ ಹೆದರಿಕೆ ಇತ್ತೆಂದು ಈಗ ತೋರುತ್ತದೆ. "ಲಗ್ನ ಆದ ಮ್ಯಾಲ ಎಲ್ಲಾ ಸರಿಹೋಗ್ತದ ತಮ್ಮಾ, ದೇವರ ಮ್ಯಾಲ ಭಾರ ಹಾಕು" ಎಂದು ಹೇಳಿ ಕಳಿಸಿದೆವು.

ಮದುವೆಗೆ ಮುಂಚೆ ವಧೂವರರನ್ನು ಬೇರೆ ಬೇರೆ ಕೂರಿಸಿ ಪ್ರಶ್ನೆ ಕೇಳಿ ಬರೆದುಕೊಳ್ಳುವ ಪದ್ಧತಿ ನಮ್ಮ ಧರ್ಮಸಭೆಯಲ್ಲಿದೆ. ಆಗಿನ ಗುರುಗಳಿಗೆ ಕನ್ನಡ ಅಷ್ಟಾಗಿ ಬರುತ್ತಿರಲಿಲ್ಲ. ಕನ್ನಡದಲ್ಲಿ ಕೇಳುವ ಕೆಲಸ ಉಪದೇಶಿಯಾದ ನಮ್ಮದು. ಹುಡುಗನ ಜೊತೆ ಅವನ ತಂದೆಯೂ ಒಳಗೆ ಬಂದು ಕೂತರು. ಹೊರಗೆ ಹೋಗಿ ಎನ್ನಲು ನಮಗೆ ಬಾಯಿ ಬರಲಿಲ್ಲ, ಹಿರಿಯರು. ‘ನಿನ್ನ ಸ್ವಂತ ಇಚ್ಛೆಯಿಂದ ಈ ಮದುವೆಗೆ ಬಂದಿದ್ದೀಯಾ’ ಎಂದು ಕೇಳಬೇಕಾದ ಕಡೆ ನಾವು, "ಯಾರದೂ ಒತ್ತಾಯ ಇಲ್ಲಲ್ಲಾ?" ಎಂದು ಕೇಳಿದೆವು. ಹುಡುಗ ತಂದೆಯ ಮುಖ ನೋಡಿದ. ತಂದೆ, "ಒಪ್ಪ್ಯಾನ ಬರಕೋರಿ ಮಾಸ್ತರ" ಎಂದರು. ನಾವು ಬರೆದುಕೊಂಡೆವು.

ಹುಡುಗಿ ಸೊಲ್ಲಾಪುರದವಳು. ತಾಯಿಯ ಜೊತೆ ಬೀಡಿ ಕಟ್ಟಿ ದುಡಿಯುವವಳು. ಮದುವೆಗೆ ಆ ತಾಯಿ ಫೈನಾನ್ಸಿನವರಿಂದ ಸಾಲ ತಂದಿದ್ದರು, ವಾರವಾರ ಕಂತು. ಹನ್ನೊಂದು ತಿಂಗಳಿಗೆ ಹುಡುಗಿ ತವರಿಗೆ ಬಂದಳು. ಗಂಡ ಹೊಡೆದವನಲ್ಲ, ಬೈದವನಲ್ಲ. ಹತ್ತಿರ ಬಂದವನೂ ಅಲ್ಲ. ಅತ್ತೆ ಮನೆಯಲ್ಲಿ ಬಂಜೆ ಎಂದು ಅನ್ನಿಸಿಕೊಂಡಳು, ಓಣಿಯಲ್ಲಿ ಗಂಡನನ್ನು ಬಿಟ್ಟು ಬಂದವಳು ಎಂದು ಅನ್ನಿಸಿಕೊಂಡಳು. ಕೊನೆಗೆ ವಿಷಯ ಹೊರಗೆ ಬಂತು. ಹುಡುಗ ಪುಣೆಗೆ ಹೋದ. ಮದುವೆಗೆ ಮುಂಚೆಯೇ ತಂದೆಗೆ ಎಲ್ಲ ಗೊತ್ತಿತ್ತೆಂದೂ, ಮದುವೆಯನ್ನು ಮದ್ದಿನಂತೆ ಮಾಡಿಸಿದರೆಂದೂ ಆಗ ತಿಳಿಯಿತು. ಇಂದಿಗೂ ಆ ತಂದೆಯನ್ನು ಮಗನ ಬಗ್ಗೆ ಕೇಳಿದರೆ, "ಅಂವ ನಮ್ಮ ಪಾಲಿಗೆ ಸತ್ತಾನ್ರಿ" ಎನ್ನುತ್ತಾರೆ. ಸಿನಿಮಾದವರು ಹೆಣದ ಕರ್ಮವನ್ನು ಎಲ್ಲಿಂದಲೋ ಕಟ್ಟಿ ತಂದದ್ದಲ್ಲ ಬಂಧುಗಳೇ.

ನಗದೆ ಎಲೆ ಕತ್ತರಿಸುತ್ತಿದ್ದವರು ಆ ಹುಡುಗಿಯ ತಾಯಿ. ಚಿತ್ರ ಮುಗಿದ ಮೇಲೆ ಆಕೆ ನಮಗೆ ಒಂದೇ ಮಾತು ಹೇಳಿದರು. "ಆ ಹುಡುಗಂದ ತಪ್ಪೋ ಒಪ್ಪೋ ನನಗ ತಿಳೀದಿಲ್ರಿ ಮಾಸ್ತರ. ನನ್ನ ಮಗಳಿಗೆ ಯಾಕ ಹೇಳಲಿಲ್ಲ? ಪಿಚ್ಚರದಾಕಿ ಬಂಗಾರ ತಗೊಂಡು ಓಡಿದ್ಲು. ನನ್ನಾಕಿ ಸಾಲಾ ತಗೊಂಡು ಬಂದ್ಲು."

ಚಿತ್ರದ ಬಗ್ಗೆ ನಮ್ಮ ದೂರು ಇದೇ. ಇಬ್ಬರು ಹುಡುಗರ ನೋವನ್ನು ಅದು ಚೆನ್ನಾಗಿ ತೋರಿಸಿದೆ. ಮೂರನೆಯವಳನ್ನು ನಗೆಯಲ್ಲಿ ಸಾಗಹಾಕಿದೆ. ಅವಳಿಗೆ ಪ್ರಿಯಕರನನ್ನೂ ಒಡವೆಯನ್ನೂ ಕೊಟ್ಟು ಕಳಿಸಿದ್ದಾರೆ. ನಿಜವಾದ ಬಾಳಿನಲ್ಲಿ ಮದ್ದಾಗಿ ಬಳಕೆಯಾಗುವವಳು ಬಡವರ ಮನೆಯ ಹುಡುಗಿ. ವರದಕ್ಷಿಣೆ ಕೇಳುವುದಿಲ್ಲ, ಹುಡುಗ ಕುಡಿಯುವುದಿಲ್ಲ ಎಂದರೆ ಸಾಕು, ನಾವು ಕಣ್ಣುಮುಚ್ಚಿ ಕೊಟ್ಟುಬಿಡುತ್ತೇವೆ. 2022ರಲ್ಲಿ ಬಂದ ‘ಬಧಾಯಿ ದೋ’ ಎಂಬ ಇನ್ನೊಂದು ಹಿಂದಿ ಚಿತ್ರದಲ್ಲಿ ಇಂತಹ ಒಬ್ಬ ಪೊಲೀಸನೂ ಇಂತಹದೇ ಮನಸ್ಸಿನ ಒಬ್ಬ ಶಾಲಾ ಶಿಕ್ಷಕಿಯೂ ಮನೆಯವರ ಕಾಟ ತಪ್ಪಿಸಿಕೊಳ್ಳಲು ತೋರಿಕೆಗೆ ಮದುವೆಯಾಗುತ್ತಾರೆ. ಅಲ್ಲಿ ಇಬ್ಬರಿಗೂ ನಿಜ ಗೊತ್ತು. ನಮ್ಮ ಹುಡುಗಿಗೆ ಅದೂ ಗೊತ್ತಿರಲಿಲ್ಲ.

ಸಮ್ಮತಿ ಕಟ್ಟೆ

ಸೊಲ್ಲಾಪುರಕ್ಕೆ ಹೆಸರು ತಂದ ಜಾತ್ರೆ ಒಂದಿದೆ. ಹನ್ನೆರಡನೆಯ ಶತಮಾನದ ಶರಣ ಸಿದ್ಧರಾಮನ ಊರು ಇದು, ಅಂದಿನ ಸೊನ್ನಲಿಗೆ. ಪ್ರತಿ ಜನವರಿಯಲ್ಲಿ ಸಂಕ್ರಾಂತಿಯ ಹೊತ್ತಿಗೆ ಏಳು ಎತ್ತರದ ನಂದಿಧ್ವಜಗಳನ್ನು ಹೊತ್ತು ತರುತ್ತಾರೆ. ಕುಂಬಾರರ ಹುಡುಗಿಯೊಬ್ಬಳು ಸಿದ್ಧರಾಮನನ್ನೇ ಮದುವೆಯಾಗುವೆನೆಂದು ಹಟ ಹಿಡಿದಳಂತೆ. ಅವನು ಯೋಗಿ, ನನಗೆ ಮದುವೆ ಸಲ್ಲದು ಎಂದ. ಕೊನೆಗೆ ಅವನ ಯೋಗದಂಡಕ್ಕೆ ಅವಳ ಮದುವೆಯಾಯಿತು ಎಂಬುದು ಕಥೆ. ಆ ಮದುವೆಯ ಅಕ್ಷತೆ ಇಂದಿಗೂ ಕೆರೆಯ ಬಳಿಯ ಕಟ್ಟೆಯಲ್ಲಿ ಲಕ್ಷ ಜನದ ಎದುರು ಬೀಳುತ್ತದೆ. ಆ ಕಟ್ಟೆಯ ಹೆಸರು ಸಮ್ಮತಿ ಕಟ್ಟೆ. ಅಕ್ಷತೆಗೆ ಮುಂಚೆ ಸಮ್ಮತಿಯನ್ನು ಓದುತ್ತಾರೆ.

ಇದು ನೆರೆಯವರ ಜಾತ್ರೆ, ಅದರ ಅರ್ಥವನ್ನು ಹೇಳುವ ಅಧಿಕಾರ ನಮಗಿಲ್ಲ. ಆದರೂ ವರ್ಷವರ್ಷ ನೋಡುವವರಿಗೆ ಎರಡು ಮಾತು ಹೊಳೆಯುತ್ತವೆ. ಒಂದು, ಸಮ್ಮತಿ ಮೊದಲು, ಅಕ್ಷತೆ ಆಮೇಲೆ. ಎರಡು, ಮದುವೆ ನನಗೆ ಸಲ್ಲದು ಎಂದವನ ಮಾತಿಗೆ ಎಂಟುನೂರು ವರ್ಷಗಳ ಹಿಂದೆಯೇ ಬೆಲೆ ಇತ್ತು. ಈ ಕಡೆಯವರಿಗೆ ಗೊತ್ತಿರುವ ಇನ್ನೊಂದು ಕಥೆಯಲ್ಲಿ ಸಮರ್ಥ ರಾಮದಾಸರು ‘ಸಾವಧಾನ’ ಎಂಬ ಮಾತು ಕಿವಿಗೆ ಬಿದ್ದೊಡನೆ ಮಂಟಪದಿಂದ ಎದ್ದು ಹೋದರು. ಎದ್ದು ಹೋದವರನ್ನು ಜನ ಸಂತರೆಂದು ಕರೆದರು. ನಮ್ಮ ಹುಡುಗ ಎದ್ದು ಹೋಗಲೂ ಇಲ್ಲ. ಹತ್ತು ದಿನ ಮುಂಚೆ ಬಂದು ತಗ್ಗಿದ ದನಿಯಲ್ಲಿ ಹೇಳಿದ. ಅಷ್ಟಕ್ಕೂ ನಮ್ಮಲ್ಲಿ ಕಿವಿ ಇರಲಿಲ್ಲ.

ನಮ್ಮ ಧರ್ಮಸಭೆಯ ನಿಯಮ ಇನ್ನೂ ಸ್ಪಷ್ಟವಾಗಿದೆ. 1983ರ ಧರ್ಮಸಭಾ ಕಾನೂನಿನ ಪ್ರಕಾರ ಮದುವೆಯನ್ನು ಉಂಟುಮಾಡುವುದು ಗಂಡುಹೆಣ್ಣಿನ ಸಮ್ಮತಿ. ಆ ಸಮ್ಮತಿಯನ್ನು ಅವರ ಬದಲಿಗೆ ಬೇರೆ ಯಾರೂ ಕೊಡುವ ಹಾಗಿಲ್ಲ. ತಂದೆಯೂ ಕೊಡುವ ಹಾಗಿಲ್ಲ, ಉಪದೇಶಿಯೂ ಬರೆದುಕೊಳ್ಳುವ ಹಾಗಿಲ್ಲ. ಬಲವಂತದಿಂದ, ಹೆದರಿಕೆಯಿಂದ ಆದ ಮದುವೆ ಮದುವೆಯೇ ಅಲ್ಲ. ಮುಖ್ಯ ವಿಷಯವನ್ನು ಮುಚ್ಚಿಟ್ಟು ಮೋಸದಿಂದ ಪಡೆದ ಒಪ್ಪಿಗೆಯೂ ಹಾಗೆಯೇ. ಆ ಹುಡುಗಿ ಈಗ ಧರ್ಮಸಭೆಯ ನ್ಯಾಯಪೀಠಕ್ಕೆ ಅರ್ಜಿ ಹಾಕುತ್ತಿದ್ದಾಳೆ. ಅರ್ಜಿಯನ್ನು ಬರೆದುಕೊಟ್ಟವರು ನಾವು. ಅದರಲ್ಲಿ ಸಾಕ್ಷಿಯ ಹೆಸರೂ ನಮ್ಮದೇ. ತಂದೆಯ ಎದುರಿನಲ್ಲಿ ಪ್ರಶ್ನೆ ಕೇಳಿದೆವು, ಪ್ರಶ್ನೆಯನ್ನೇ ತಿರುಗಿಸಿ ಕೇಳಿದೆವು ಎಂದು ನಾವು ನಮ್ಮ ವಿರುದ್ಧವೇ ಸಾಕ್ಷಿ ಹೇಳಬೇಕಾಗಿದೆ. ಹೇಳುತ್ತೇವೆ.

‘ಇದು ನಮ್ಮವರಲ್ಲಿ ಇಲ್ಲ’ ಎನ್ನುವವರಿಗೆ

ಇದು ಪಟ್ಟಣದ ಶ್ರೀಮಂತರ ಕಾಯಿಲೆ, ದುಡಿಯುವವರಲ್ಲಿ ಇಂಥದಿಲ್ಲ ಎಂದು ಎದ್ದು ಹೋದ ಹಿರಿಯರು ಹೇಳಿದರು. ಅವರ ಮೇಲೆ ನಮಗೆ ಗೌರವವಿದೆ. ಆದರೆ ಇದೇ ಜಿಲ್ಲೆಯ ಮಾಳಶಿರಸ ತಾಲ್ಲೂಕಿನ ತರಂಗಫಳ ಎಂಬ ಹಳ್ಳಿಯ ಜನ 2017ರಲ್ಲಿ ಜ್ಞಾನದೇವ ಕಾಂಬಳೆ ಎಂಬ ತೃತೀಯಲಿಂಗಿಯನ್ನು ತಮ್ಮ ಸರಪಂಚರಾಗಿ ಆರಿಸಿದರು. ಸವದತ್ತಿ ಎಲ್ಲಮ್ಮನ ಜೋಗಪ್ಪಂದಿರನ್ನು ಕಾಣದ ಹಳ್ಳಿ ಈ ಗಡಿಯಲ್ಲಿಲ್ಲ. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವವರ ವಿಷಯ ಬೇರೆ, ಗಂಡಸಾಗಿಯೇ ಇದ್ದು ಗಂಡಸಿನ ಮೇಲೆ ಮನಸ್ಸಾಗುವವರ ವಿಷಯ ಬೇರೆ. ಎರಡನ್ನೂ ಒಂದೇ ಎಂದು ಬೆರೆಸಬಾರದು. ನಾವು ಹೇಳುವುದು ಇಷ್ಟೇ: ಎಲ್ಲರೂ ಒಂದೇ ಅಚ್ಚಿನಲ್ಲಿ ಹುಟ್ಟುವುದಿಲ್ಲ ಎಂಬುದನ್ನು ನಮ್ಮ ಹಳ್ಳಿಗಳು ಮೊದಲಿನಿಂದ ಬಲ್ಲವು. ದೇವಿಯ ಹೆಸರಿನಲ್ಲಾದರೆ ಒಪ್ಪುತ್ತೇವೆ, ನಮ್ಮ ಮಗನಾದರೆ ಒಪ್ಪುವುದಿಲ್ಲ.

ಮರ್ಯಾದೆಯ ಹೆಸರಿನಲ್ಲಿ ಏನು ನಡೆಯುತ್ತದೆಂಬುದೂ ಸೊಲ್ಲಾಪುರ ಜಿಲ್ಲೆಗೆ ಗೊತ್ತು. ಕರಮಾಳಾ ತಾಲ್ಲೂಕಿನವರೇ ಆದ ನಾಗರಾಜ ಮಂಜುಳೆಯವರು 2016ರಲ್ಲಿ ‘ಸೈರಾಟ್’ ತೆಗೆದರು. ಕನ್ನಡದಲ್ಲಿ ಅದು ಮರುವರ್ಷ ‘ಮನಸು ಮಲ್ಲಿಗೆ’ಯಾಗಿ ಬಂತು. ಅಲ್ಲಿ ಒಂದು ಗಂಡು ಒಂದು ಹೆಣ್ಣೇ. ಜಾತಿ ಮಾತ್ರ ಬೇರೆ. ಆದರೂ ಅಣ್ಣನೇ ಬಂದು ಕೊಂದ. ಅದನ್ನು ನೋಡಿ ಅತ್ತ ನಾವು ಇದನ್ನು ನೋಡಿ ನಕ್ಕೆವು. ಎರಡರಲ್ಲೂ ರೋಗ ಒಂದೇ: ಮಕ್ಕಳ ಬಾಳಿಗಿಂತ ಮಂದಿಯ ಮಾತು ದೊಡ್ಡದಾಗುವುದು.

ಧರ್ಮಸಭೆ ಮತ್ತು ಸರಕಾರ

ಇನ್ನು ಮದುವೆಯ ಹಕ್ಕಿನ ಮಾತು. ಚಿತ್ರದ ಕಥೆ ಮುಗಿಯುವುದು 2018ರ ಸೆಪ್ಟೆಂಬರ್ 6ರ ತೀರ್ಪಿನ ಹೊತ್ತಿಗೆ. ಬ್ರಿಟಿಷರ ಕಾಲದ 377ನೆಯ ಕಲಮಿನ ಪ್ರಕಾರ ಅಪರಾಧವೆನಿಸಿದ್ದನ್ನು, ಪ್ರಾಯಕ್ಕೆ ಬಂದ ಇಬ್ಬರು ಒಪ್ಪಿ ನಡೆದುಕೊಂಡರೆ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟು ಅಂದು ಹೇಳಿತು. ಮದುವೆಯ ಹಕ್ಕು ಮಾತ್ರ ಸಿಗಲಿಲ್ಲ. 2023ರ ಅಕ್ಟೋಬರ್ 17ರಂದು ಐವರು ನ್ಯಾಯಾಧೀಶರು, ಮದುವೆಯಾಗುವುದು ಸಂವಿಧಾನ ಕೊಟ್ಟ ಮೂಲಭೂತ ಹಕ್ಕಲ್ಲ, ಕಾಯಿದೆ ಬದಲಿಸುವುದು ಸಂಸತ್ತಿನ ಕೆಲಸ ಎಂದು ಒಮ್ಮತದಿಂದ ಹೇಳಿದರು. 2025ರ ಜನವರಿಯಲ್ಲಿ ಮರುಪರಿಶೀಲನೆಯ ಅರ್ಜಿಗಳೂ ಬಿದ್ದುಹೋದವು. ಅದೇ ತಿಂಗಳು ಥಾಯ್ಲೆಂಡಿನಲ್ಲಿ ಇಂತಹ ಮದುವೆಗಳ ನೋಂದಣಿ ಶುರುವಾಯಿತು.

ನಮ್ಮ ಧರ್ಮಸಭೆ ಮದುವೆ ಸಂಸ್ಕಾರವನ್ನು ಗಂಡುಹೆಣ್ಣಿನ ನಡುವಿನದೆಂದು ಬೋಧಿಸುತ್ತದೆ. ಉಪದೇಶಿಯಾಗಿ ನಾವು ಕಲಿಸುವುದೂ ಅದನ್ನೇ; ಅದನ್ನು ಬದಲಿಸಲು ಈ ಲೇಖನ ಬರೆದಿಲ್ಲ. ಆದರೆ ಅದೇ ಧರ್ಮಸಭೆಯ 1992ರ ಧರ್ಮೋಪದೇಶ ಗ್ರಂಥವು ಇಂಥವರನ್ನು ಗೌರವದಿಂದ, ಕನಿಕರದಿಂದ ಕಾಣಬೇಕು, ಅನ್ಯಾಯದ ಭೇದ ಮಾಡಬಾರದು ಎಂದೂ ಹೇಳುತ್ತದೆ. ಆ ಭಾಗವನ್ನು ನಾವು ಎಷ್ಟು ಸಲ ಕಲಿಸಿದ್ದೇವೆ? 2022ರ ಜನವರಿ 26ರಂದು ಪೋಪ್ ಫ್ರಾನ್ಸಿಸರು ತಂದೆತಾಯಿಗಳಿಗೆಂದೇ ಒಂದು ಮಾತು ಹೇಳಿದರು: ಮಕ್ಕಳ ಒಲವು ಬೇರೆ ಎಂದು ಕಂಡಾಗ ಅವರ ಜೊತೆಗಿರಿ, ಖಂಡನೆಯ ಹಿಂದೆ ಅಡಗಬೇಡಿ ಎಂಬ ಅರ್ಥದ್ದು. 2023ರ ಡಿಸೆಂಬರ್ 18ರ ಪತ್ರದಲ್ಲಿ ರೋಮಿನ ಕಚೇರಿಯು, ಇದು ಮದುವೆಯಲ್ಲ ಎಂಬುದನ್ನು ಉಳಿಸಿಕೊಂಡೇ, ಇಂತಹ ಜೋಡಿಗಳು ಆಶೀರ್ವಾದ ಕೇಳಿದರೆ ಗುರುಗಳು ಕೊಡಬಹುದೆಂದಿತು.

ಸರಕಾರದ ದಫ್ತರ ಬೇರೆ, ಬಲಿಪೀಠ ಬೇರೆ ಎಂಬುದು ನಮ್ಮ ಅಭಿಪ್ರಾಯ. ಸರಕಾರ ವಿಚ್ಛೇದನ ಕೊಡುತ್ತದೆ; ನಮ್ಮ ಧರ್ಮಸಭೆ ಅದನ್ನು ಒಪ್ಪುವುದಿಲ್ಲ. ಹಾಗೆಂದು ವಿಚ್ಛೇದನದ ಕಾಯಿದೆಯನ್ನು ತೆಗೆದುಹಾಕಿ ಎಂದು ನಾವು ಮೋರ್ಚಾ ಹೋದವರಲ್ಲ. ಜೊತೆಗೆ ಬಾಳುವ ಇಬ್ಬರ ರೊಟ್ಟಿಗೆ, ಆಸ್ಪತ್ರೆಗೆ, ಮಣ್ಣಿಗೆ ಕಾಯಿದೆಯ ಆಸರೆ ಕೊಟ್ಟರೆ ನಮ್ಮ ಸಂಸ್ಕಾರಕ್ಕೆ ಯಾವ ಕುಂದೂ ಇಲ್ಲ.

ಸಂಘದ ಕೆಲಸ ಮಾಡುವವರಿಗೆ ಇದು ಕಾಗದದ ಮೇಲಿನ ಮಾತಾಗಿ ಕಾಣುವುದಿಲ್ಲ. ಪಿ.ಎಫ್. ನಾಮಿನಿಯ ನಿಯಮ ನಿಮಗೆ ಗೊತ್ತು: ಕುಟುಂಬ ಎಂದು ಕಾಯಿದೆ ಹೇಳುವವರು ಇರುವಾಗ ಹೊರಗಿನವರ ಹೆಸರು ಬರೆದರೆ ನಡೆಯುವು ದಿಲ್ಲ. ಗ್ರಾಚ್ಯುಯಿಟಿಯೂ ಹಾಗೆಯೇ. ಇಪ್ಪತ್ತು ವರ್ಷ ಒಂದೇ ಒಲೆಯಲ್ಲಿ ಬೇಯಿಸಿಕೊಂಡು ತಿಂದ ಸಂಗಾತಿ ಕಾಯಿದೆಯ ಕಣ್ಣಿಗೆ ಹೊರಗಿನವನು; ಸತ್ತನೆಂದು ಕರ್ಮ ಮಾಡಿದ ಮನೆಯವರು ದುಡ್ಡಿಗೆ ಹಕ್ಕುದಾರರು. 2023ರ ತೀರ್ಪಿನ ನಂತರ ಕೇಂದ್ರ ಸರಕಾರ ಸ್ವಲ್ಪ ಕದಲಿತು. ಇಂತಹ ಜೋಡಿಗಳನ್ನು ರೇಷನ್ ಕಾರ್ಡಿನಲ್ಲಿ ಒಂದೇ ಮನೆಯವರೆಂದು ಕಾಣಬೇಕು, ಜಂಟಿ ಬ್ಯಾಂಕ್ ಖಾತೆ ತೆರೆದು ಒಬ್ಬರನ್ನೊಬ್ಬರು ನಾಮಿನಿ ಮಾಡಿಕೊಳ್ಳಲು ಅಡ್ಡಿಯಿಲ್ಲ, ಹತ್ತಿರದ ನೆಂಟರು ಇಲ್ಲದಾಗ ಸಂಗಾತಿ ಹೆಣವನ್ನು ಕೇಳಿ ಪಡೆಯಬಹುದು ಎಂದು 2024ರಲ್ಲಿ ಸೂಚನೆಗಳು ಬಂದವು. ಹೆಣ ಕೇಳುವುದಕ್ಕೂ ಸೂಚನೆ ಬೇಕಾಯಿತು ಎಂಬುದನ್ನು ಯೋಚಿಸಿ ನೋಡಿ.

ತೋಟದ ಮನೆಗಳಿಗೆ

ಸಿನಿಮಾದ ಮನೆಯವರಿಗೆ ಸ್ವಂತ ಮನೆಯಿತ್ತು, ಸಂಬಳವಿತ್ತು, ಎರಡು ಗಂಟೆಯಲ್ಲಿ ಮನಸ್ಸು ತಿರುಗಿತು. ತೋಟದ ಲೈನಿನಲ್ಲಿ ಹಾಗಲ್ಲ. ಒಂದು ಗೋಡೆಗೆ ಎರಡು ಸಂಸಾರ. ಒಳಗೆ ಕೆಮ್ಮಿದರೆ ಆಚೆ ಕೇಳುತ್ತದೆ. ಮನೆ ದುಡಿಮೆಗೆ ಅಂಟಿಕೊಂಡದ್ದು. ಮಗನನ್ನು ಹೊರಗೆ ಹಾಕಿದರೆ ಅವನು ಕಳೆದುಕೊಳ್ಳುವುದು ಅಪ್ಪಅಮ್ಮನನ್ನು ಮಾತ್ರವಲ್ಲ. ಸೂರು, ಕೆಲಸ, ರೇಷನ್ನು, ದೇವಾಲಯದ ಬೆಂಚು, ಎಲ್ಲವನ್ನೂ ಒಂದೇ ದಿನ ಕಳೆದುಕೊಳ್ಳುತ್ತಾನೆ. ಮಗಳಾದರೆ ಇನ್ನೂ ಕಷ್ಟ. ಅವಳಿಗೆ ಬೆಂಗಳೂರಿನ ಬಸ್ಸು ಹತ್ತುವ ಧೈರ್ಯವನ್ನೂ ಯಾರೂ ಕೊಟ್ಟಿರುವುದಿಲ್ಲ.

ಆದುದರಿಂದ ನಮ್ಮ ತಪ್ಪಿನಿಂದ ನಾವು ಕಲಿತದ್ದನ್ನು ನಿಮ್ಮ ಮುಂದೆ ಇಡುತ್ತೇವೆ.

ತಂದೆತಾಯಿಗಳೇ, ಮಗನಾಗಲಿ ಮಗಳಾಗಲಿ ಮದುವೆ ಬೇಡವೆಂದರೆ, ಯಾಕೆ ಎಂದು ಒಮ್ಮೆ ಕೇಳಿ, ಉತ್ತರ ಬರುವ ತನಕ ಸುಮ್ಮನೆ ಕೂತಿರಿ. ಉತ್ತರ ಕಹಿಯಾಗಿದ್ದರೂ ಅದು ನಿಮ್ಮ ಮನೆಯೊಳಗೇ ಇರಲಿ. ಇನ್ನೊಬ್ಬರ ಮಗಳ ತಲೆಗೆ ಕಟ್ಟಬೇಡಿ. ಮದುವೆ ಯಾರಿಗೂ ಮದ್ದಲ್ಲ. ಬೇರೆ ಮನಸ್ಸಿನ ಮಗುವನ್ನು ಮದ್ದು ಮಾಡಿ ಸರಿಮಾಡುತ್ತೇವೆ ಎನ್ನುವವರ ಹತ್ತಿರ ಸಾಲ ಮಾಡಿ ಹೋಗಬೇಡಿ. ಇದು ರೋಗವಲ್ಲ ಎಂದು ವೈದ್ಯರೇ ಹೇಳುತ್ತಾರೆ.

ಹೆಣ್ಣು ಹೆತ್ತವರೇ, ಹುಡುಗ ಕುಡಿಯುವುದಿಲ್ಲವೇ ಎಂದು ಕೇಳುವ ನೀವು, ಹುಡುಗನಿಗೆ ಮನಸ್ಸಿದೆಯೇ ಎಂದೂ ಕೇಳಿ. ಇಬ್ಬರೂ ಒಂದು ಗಂಟೆ ತಾವೇ ಕೂತು ಮಾತಾಡಲಿ. ಅದರಿಂದ ಮಾನ ಹೋಗುವುದಿಲ್ಲ.

ಉಪದೇಶಿ ಬಂಧುಗಳೇ, ಪ್ರಶ್ನೆ ಕೇಳುವಾಗ ಬಾಗಿಲು ಹಾಕಿ. ಹಿರಿಯರನ್ನು ಕೈಮುಗಿದು ಹೊರಗೆ ಕಳಿಸಿ. ಪ್ರಶ್ನೆಯನ್ನು ಪುಸ್ತಕದಲ್ಲಿರುವಂತೆ ಕೇಳಿ, ಉತ್ತರವನ್ನು ಅವರ ಬಾಯಿಂದಲೇ ಬರೆದುಕೊಳ್ಳಿ. ಬೇಡ ಎಂದವರ ಪರವಾಗಿ ಮನೆಯವರಿಗೆ ಹೇಳುವ ಹೊಣೆ ನಿಮ್ಮದು. ಸಂಘದ ಗೆಳೆಯರೇ, ಮನೆಯಿಂದ ಹೊರಗೆ ಬಿದ್ದ ಹುಡುಗ ಹುಡುಗಿಯರಿಗೆ ಕೆಲಸ ತಪ್ಪದಂತೆ, ತಲೆ ಇಡಲು ಜಾಗ ಇರುವಂತೆ ನೋಡಿಕೊಳ್ಳುವುದು ಬೋನಸ್ಸು ಕೇಳಿದಷ್ಟೇ ನಮ್ಮ ಕೆಲಸ.

ಶುಭಸಂದೇಶದಲ್ಲಿ ಮನೆ ಬಿಟ್ಟು ಹೋದ ಮಗನ ಸಾಮತಿ ಎಲ್ಲರಿಗೂ ಬಾಯಿಪಾಠ. ಮಗ ಮಾಡಿದ ತಪ್ಪನ್ನು ತೋರಿಸಲು ನಾವು ಅದನ್ನು ಎತ್ತುತ್ತಿಲ್ಲ, ತಂದೆ ಏನು ಮಾಡಿದನೆಂದು ನೋಡಲು ಎತ್ತುತ್ತಿದ್ದೇವೆ. ಸತ್ತನೆಂದು ಎಣಿಸಿದ್ದ ಮಗ ಬದುಕಿದ್ದಾನೆಂದು ಆ ತಂದೆ ಹಬ್ಬ ಮಾಡಿಸಿದ. ನಾವು ಬದುಕಿದ್ದವನನ್ನು ಸತ್ತನೆಂದು ಹೇಳಿ ಬಾಗಿಲು ಹಾಕುತ್ತಿದ್ದೇವೆ.

ಅಕ್ಕಲಕೋಟೆಯ ಆ ಮನೆಗೆ ನಾವು ಈಗಲೂ ಹೋಗುತ್ತೇವೆ. ತಂದೆ ಮಾತು ಆಡುವುದಿಲ್ಲ, ಬರಬೇಡಿ ಎಂದೂ ಹೇಳುವುದಿಲ್ಲ. ಹೋದ ಸಲ ತಾಯಿ ಬಾಗಿಲ ತನಕ ಬಂದು, ಗಂಡನಿಗೆ ಕೇಳದಂತೆ, "ಪುಣೆದಾಗ ಹೊತ್ತಿಗೆ ಸರಿ ಉಣ್ತಾನೇನ್ರಿ ಮಾಸ್ತರ?" ಎಂದು ಕೇಳಿದರು. ಇತ್ತ ಸೊಲ್ಲಾಪುರದಲ್ಲಿ ಹುಡುಗಿಯ ತಾಯಿ ಇನ್ನೂ ಕಂತು ಕಟ್ಟುತ್ತಿದ್ದಾರೆ. ಆ ಸಾಲದಲ್ಲಿ ನಮ್ಮ ಪಾಲೂ ಇದೆ ಎಂದು ತಿಳಿದು ಸಂಘದ ಕೆಲವರು ತಿಂಗಳಿಗಿಷ್ಟು ಎಂದು ಕೊಡುತ್ತಿದ್ದೇವೆ.

ಈ ವಿಷಯದಲ್ಲಿ ಬೇರೆ ಅಭಿಪ್ರಾಯ ಇರುವವರು ಪತ್ರ ಬರೆಯಿರಿ. ಸಿಟ್ಟಿನಿಂದ ಬರೆದರೂ ಓದುತ್ತೇವೆ. ಆದರೆ ಬರೆಯುವ ಮುಂಚೆ ನಿಮ್ಮ ಮನೆಯಲ್ಲಿ ಮದುವೆಗೆ ಬಂದ ಮಕ್ಕಳಿದ್ದರೆ ಅವರನ್ನು ಒಮ್ಮೆ ಹತ್ತಿರ ಕರೆದು, ನಿನ್ನ ಮನಸ್ಸಿನಲ್ಲಿ ಏನಿದೆ ಎಂದು ಕೇಳಿ. ಕೇಳದೆ ಹೋದವರು ನಾವು.